ಏಳು ವರ್ಷದ ಹುಡುಗನ ಸಿಟ್ಟಿನ ಹಿಂದೆ ಏನಿತ್ತು? ಒಂದು ಪ್ರಕರಣ ಅಧ್ಯಯನ

ಪುಟ್ಟನಿಗೆ 7 ವರ್ಷ, ಎರಡನೇ ತರಗತಿ. ನನ್ನ ಹತ್ತಿರ ಬರುವಷ್ಟರಲ್ಲಿ ಅವನ ಫೈಲಿನಲ್ಲಿ ಎರಡು ಕಾಯಿಲೆಯ ಹೆಸರುಗಳಿದ್ದವು. ಒಬ್ಬ ವೈದ್ಯರು ಎಡಿಎಚ್‌ಡಿ ಎಂದು ಬರೆದಿದ್ದರು. ಅಂದರೆ ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ. ಇನ್ನೊಬ್ಬರು ಒಡಿಡಿ ಎಂದಿದ್ದರು. ದೊಡ್ಡವರಿಗೆ ಸದಾ ಎದುರು ನಿಲ್ಲುವ, ಬೇಗ ಸಿಟ್ಟಾಗುವ ಮಕ್ಕಳಿಗೆ ಕೊಡುವ ಹೆಸರು ಅದು. ಶಾಲೆಯವರ ಪತ್ರದಲ್ಲಿ ‘ಆಟಿಸಂ ಇದೆಯಾ ಪರೀಕ್ಷಿಸಿ’ ಎಂಬ ಸಾಲು ಬೇರೆ. ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ತೊಂದರೆ ಅದು. ಮೂರೂ ಬಂದದ್ದು ಒಂದೇ ವರ್ಷದೊಳಗೆ.

ನಾನು ಮಕ್ಕಳ ಮನಶ್ಶಾಸ್ತ್ರಜ್ಞೆ. ತಂದೆ ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಪುಟ್ಟ ಎನ್ನುವುದು ಇಲ್ಲಿಗಾಗಿ ಇಟ್ಟ ಹೆಸರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇದೇನೂ ಅಪರೂಪದ ಪ್ರಕರಣ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಡಿಎಚ್‌ಡಿ ಎಂಬ ಹೆಸರು ಹೊತ್ತು ಬರುವ ಎಷ್ಟೋ ಮಕ್ಕಳಿಗೆ ಆ ಹೆಸರು ಸರಿಯಾಗಿಯೇ ಇರುತ್ತದೆ. ಆದರೆ ಅದು ಸರಿಯೋ ತಪ್ಪೋ ಎಂದು ತಿಳಿಯಲು ಬೇಕಾದಷ್ಟು ವಿಚಾರಣೆ ಬಹಳ ಸಲ ನಡೆದೇ ಇರುವುದಿಲ್ಲ.

ದೂರುಗಳು

ಕ್ಲಾಸ್ ಟೀಚರ್ ಎರಡು ಪುಟ ಬರೆದು ಕಳಿಸಿದ್ದರು. ಕೂತ ಜಾಗದಲ್ಲಿ ಕೂರುವುದಿಲ್ಲ. ಬೋರ್ಡಿನ ಮೇಲಿನದ್ದನ್ನು ಪೂರ್ತಿ ಬರೆದುಕೊಳ್ಳುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಎರಡು ಮೂರು ಸಲ ಕರೆದರೆ ‘ಏನು!’ ಎಂದು ಕಿರುಚುತ್ತಾನೆ. ಸಾಲಿನಲ್ಲಿ ನಿಂತಾಗ ಮುಂದಿನವನನ್ನು ತಳ್ಳುತ್ತಾನೆ. ಒಮ್ಮೊಮ್ಮೆ ಕಣ್ಣು ಬಿಟ್ಟುಕೊಂಡು ಎಲ್ಲೋ ನೋಡುತ್ತಾ ಇರುತ್ತಾನೆ. ಆ ಪತ್ರದ ಬಗ್ಗೆ ನನಗೆ ಗೌರವವಿದೆ. ಅದರಲ್ಲಿ ಬೈಗುಳ ಇರಲಿಲ್ಲ. ಕಣ್ಣಿಗೆ ಕಂಡದ್ದು ಇತ್ತು.

ಮನೆಯಲ್ಲಿ ಬೆಳಿಗ್ಗೆಯೇ ದೊಡ್ಡ ಯುದ್ಧ. ಏಳುವುದಿಲ್ಲ, ಎದ್ದರೂ ಅಳು, ಶೂ ಎಸೆಯುವುದು. ಸಂಜೆ ಮನೆ ತುಂಬ ಓಡಾಟ, ಕಾರಣವೇ ಇಲ್ಲದೆ ನಗು, ಕಾರಣವೇ ಇಲ್ಲದೆ ಜಗಳ.

ಅಪ್ಪ ಹೇಳಿದ್ದು ಒಂದೇ ಮಾತು: "ಹೊಡೆದ್ರೂ ಅಷ್ಟೇ, ಮುದ್ದು ಮಾಡಿದ್ರೂ ಅಷ್ಟೇ, ಮೇಡಂ." ಅಮ್ಮ ಅಂತೂ ಕೂತ ಕೂಡಲೇ ತಮ್ಮ ಪರ ವಾದ ಮಾಡಲು ಶುರುಮಾಡಿದರು. "ಮನೇಲಿ ಜಗಳ ಆಗುತ್ತಾ, ಮೊಬೈಲ್ ಜಾಸ್ತಿ ಕೊಡ್ತೀರಾ, ಎಲ್ಲರೂ ಅದನ್ನೇ ಕೇಳ್ತಾರೆ. ನಾವೇನು ತಪ್ಪು ಮಾಡಿದ್ದೀವಿ ಅಂತ ಯಾರಾದ್ರೂ ಒಂದ್ಸಲ ಹೇಳಿಬಿಡಿ." ವರ್ಷಗಟ್ಟಲೆ ಅನುಮಾನದಿಂದ ನೋಡಿಸಿಕೊಂಡ ತಾಯಿಯ ಮಾತು ಅದು. ಇಂಥವರಿಗೆ ಮೊದಲು ಬೇಕಾಗುವುದು ಸಲಹೆಯಲ್ಲ. ಅವರು ಕಂಡದ್ದನ್ನು ಪೂರ್ತಿ ಕೇಳುವವರು ಬೇಕು.

ಪುಟ್ಟ ಮೂಲೆಯಲ್ಲಿ ಬ್ಲಾಕ್ ಜೋಡಿಸುತ್ತಿದ್ದ. ಹತ್ತಿರ ಹೋಗಿ ಕೂತೆ. ತಲೆ ಎತ್ತದೆಯೇ ಕೇಳಿದ: "ಇಲ್ಲಿ ಕೆಟ್ಟ ಮಕ್ಕಳನ್ನ ಕರ್ಕೊಂಡು ಬರೋದಾ?" ಬಾಯಿ ತೆರೆದುಕೊಂಡೇ ಉಸಿರಾಡುತ್ತಿದ್ದ. ಅದನ್ನು ಆಗಲೇ ಬರೆದಿಟ್ಟುಕೊಂಡೆ.

ಮೊದಲಿನ ಎರಡು ಹೆಸರುಗಳು ಹೇಗೆ ಬಂದವು

ಎಡಿಎಚ್‌ಡಿ ಎಂದ ವೈದ್ಯರು ಹೇಳಿದ್ದು ಆಧಾರವಿಲ್ಲದ ಮಾತೇನೂ ಅಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕನ್ ಕೈಪಿಡಿಯನ್ನು ಜಗತ್ತಿನ ಬಹಳ ಕಡೆ ಬಳಸುತ್ತಾರೆ. ಅದರ ಪ್ರಕಾರ ಗಮನದ ಕೊರತೆಗೆ 9 ಲಕ್ಷಣ, ಅತಿ ಚಟುವಟಿಕೆಗೆ 9 ಲಕ್ಷಣ. ಮಕ್ಕಳಲ್ಲಿ ಎರಡರಲ್ಲೊಂದು ಗುಂಪಿನ ಕನಿಷ್ಠ 6 ಲಕ್ಷಣ, ಕನಿಷ್ಠ 6 ತಿಂಗಳಿಂದ ಇರಬೇಕು. ಪುಟ್ಟನ ತಾಯಿ ತುಂಬಿದ ಫಾರ್ಮಿನಲ್ಲಿ ಎರಡೂ ಕಡೆ 6ಕ್ಕಿಂತ ಜಾಸ್ತಿ ಗುರುತು ಬಿದ್ದಿತ್ತು.

ಆದರೆ ನಿಯಮ ಅಲ್ಲಿಗೆ ಮುಗಿಯುವುದಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು. ಮನೆ, ಶಾಲೆ ಹೀಗೆ ಎರಡು ಅಥವಾ ಹೆಚ್ಚು ಕಡೆ ಕಾಣಬೇಕು. ಮಗುವಿನ ಬದುಕಿಗೆ ಅದರಿಂದ ನಿಜಕ್ಕೂ ತೊಂದರೆ ಆಗುತ್ತಿರಬೇಕು. ಕೊನೆಯ ಷರತ್ತು ನನಗೆ ಎಲ್ಲಕ್ಕಿಂತ ಮುಖ್ಯ: ಈ ಲಕ್ಷಣಗಳಿಗೆ ಬೇರೆ ಕಾರಣವೇ ಹೆಚ್ಚು ಹೊಂದುವಂತೆ ಇರಬಾರದು. ಬೇರೆ ಕಾರಣ ಇಲ್ಲ ಎಂದು ಹೇಳಬೇಕಾದರೆ ಅದನ್ನು ಹುಡುಕಿರಬೇಕು, ಅಲ್ವಾ? ಇಲ್ಲಿ ಫಾರ್ಮ್ ತುಂಬಿದ್ದು ತಾಯಿ ಒಬ್ಬರೇ. ಶಾಲೆಯವರನ್ನು ಯಾರೂ ಕೇಳಿರಲಿಲ್ಲ. ಕಿವಿ ಪರೀಕ್ಷೆಯ ಮಾತು ಬಂದಾಗ ‘ಹುಟ್ಟಿದಾಗ ಮಾಡಿಸಿದ್ದೀವಿ, ಪಾಸಾಗಿದೆ’ ಎಂದು ಮನೆಯವರು ಹೇಳಿದ್ದರು, ಅದನ್ನು ಹಾಗೆಯೇ ಬರೆದುಕೊಳ್ಳಲಾಗಿತ್ತು. ಹುಟ್ಟಿದಾಗಿನ ಪರೀಕ್ಷೆ ಹುಟ್ಟಿದಾಗಿನ ಕಿವಿಯ ಬಗ್ಗೆ ಮಾತ್ರ ಹೇಳುತ್ತದೆ. ಆಮೇಲೆ ಬರುವ ತೊಂದರೆ ಅದರಲ್ಲಿ ಕಾಣುವುದಿಲ್ಲ.

ಒಡಿಡಿಯ ಕಥೆಯೂ ಹೀಗೇ. ಎಂಟು ಲಕ್ಷಣಗಳಲ್ಲಿ ನಾಲ್ಕು, 6 ತಿಂಗಳ ಕಾಲ, ಒಡಹುಟ್ಟಿದವರಲ್ಲದ ಒಬ್ಬರ ಜೊತೆಯಾದರೂ ಕಾಣಬೇಕು. ಕಾಗದದ ಮೇಲೆ ಪುಟ್ಟ ಅದಕ್ಕೂ ಹೊಂದುತ್ತಿದ್ದ. ಲಕ್ಷಣಗಳ ಪಟ್ಟಿ ಮಗು ಏನು ಮಾಡುತ್ತದೆ ಎಂದು ಹೇಳುತ್ತದೆ, ಯಾಕೆ ಮಾಡುತ್ತದೆ ಎಂದು ಹೇಳುವುದಿಲ್ಲ.

ಎಡಿಎಚ್‌ಡಿಗೆ ಮಾತ್ರೆಯ ಚೀಟಿಯನ್ನೂ ಬರೆದಿದ್ದರು. ಮಿಥೈಲ್‌ಫೆನಿಡೇಟ್, ಕಡಿಮೆ ಡೋಸ್. ತಾಯಿ ತರಲೋ ಬೇಡವೋ ಎಂದು ಕೂತಿದ್ದರು. "ಒಂದು ತಿಂಗಳು ಕೊಟ್ಟು ನೋಡೋಣ, ಕೆಲಸ ಮಾಡಿದ್ರೆ ಅದೇ ಕಾಯಿಲೆ ಅಂತ ಗೊತ್ತಾಗುತ್ತಲ್ವಾ?" ಎಂದು ಅಪ್ಪ ಕೇಳಿದರು. ಇದು ಬಹಳ ಜನ ಕೇಳುವ ಪ್ರಶ್ನೆ, ಗೊತ್ತಾಗುವುದಿಲ್ಲ ಎನ್ನುವುದೇ ಉತ್ತರ. 1978ರಲ್ಲಿ ಅಮೆರಿಕದ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ ಮತ್ತು ಜೊತೆಗಾರರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಇದೇ ಗುಂಪಿನ ಔಷಧಿ ಕೊಟ್ಟು ನೋಡಿದರು. ಅವರ ಗಮನವೂ ಸುಧಾರಿಸಿತು. ಹಾಗಾಗಿ ಮಾತ್ರೆ ಕೆಲಸ ಮಾಡಿತು ಅನ್ನುವುದು ಕಾಯಿಲೆಗೆ ಪುರಾವೆ ಆಗುವುದಿಲ್ಲ. ಎಡಿಎಚ್‌ಡಿ ನಿಜವಾಗಿ ಇರುವ ಮಗುವಿಗೆ ಈ ಔಷಧಿಯಿಂದ ಬಹಳ ಪ್ರಯೋಜನವಿದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಕೆಲವು ಮಕ್ಕಳ ನಿದ್ದೆಯನ್ನು ಕೆಡಿಸುತ್ತದೆ. ಪುಟ್ಟನ ನಿದ್ದೆ ಹೇಗಿದೆ ಎಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿಯನ್ನು ಯಾರೂ ಕೇಳಿರಲಿಲ್ಲ

ನಾನು ಯಾವಾಗಲೂ ಮಗುವಿನ ಒಂದು ದಿನವನ್ನು ಇಪ್ಪತ್ನಾಲ್ಕು ಗಂಟೆಯೂ ಕೇಳುತ್ತೇನೆ. ತೊಂದರೆ ಕಾಣುವ ಹೊತ್ತನ್ನು ಮಾತ್ರ ಕೇಳಿದರೆ ಸಾಲದು. ನಿದ್ದೆಯ ಬಗ್ಗೆ ಕೇಳಿದಾಗ ಅಮ್ಮ, "ಅದೊಂದು ಸಮಸ್ಯೆ ಇಲ್ಲ ಮೇಡಂ, ಬಿದ್ದ ತಕ್ಷಣ ನಿದ್ದೆ" ಅಂದರು. ಜೊತೆಗೆ ಬಂದಿದ್ದ ಅಜ್ಜಿ ಅಲ್ಲಿವರೆಗೆ ಸುಮ್ನೆ ಕೂತಿದ್ದರು. ಪುಟ್ಟ ಮಲಗುವುದು ಅವರ ಪಕ್ಕದಲ್ಲಿ. ಅವರನ್ನು ಕೇಳಿದೆ.

"ಚೆನ್ನಾಗಿ ಎಲ್ಲಿ ಮಲಗ್ತಾನಮ್ಮ? ದೊಡ್ಡವರ ಥರ ಗೊರಕೆ. ಮಧ್ಯೆ ಗೊರಕೆ ನಿಂತು ಹೋಗುತ್ತೆ. ಆಗ ನನಗೆ ಎಚ್ಚರ ಆಗುತ್ತೆ. ಎದೆ ಮೇಲೆ ಕೈ ಇಟ್ಟು ನೋಡ್ತೀನಿ. ಆಮೇಲೆ ಒಂದ್ಸಲ ಬೆಚ್ಚಿದ ಹಾಗೆ ಉಸಿರು ಎಳ್ಕೊಂಡು ಮಗ್ಗುಲು ಬದಲಾಯಿಸ್ತಾನೆ."

ಎಷ್ಟು ದಿನದಿಂದ ಎಂದೆ. ಒಂದು ವರ್ಷಕ್ಕೆ ಮೇಲೆ ಆಯಿತಂತೆ. ಕುತ್ತಿಗೆ ಹಿಂದಕ್ಕೆ ಚಾಚಿಕೊಂಡು ಮಲಗುತ್ತಾನೆ, ಬೆವರುತ್ತಾನೆ, ಬೆಳಿಗ್ಗೆ ದಿಂಬು ಜೊಲ್ಲಿನಿಂದ ಒದ್ದೆ. ನಿಂತು ಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಆರನೇ ವರ್ಷದಲ್ಲಿ ಮತ್ತೆ ಶುರುವಾಗಿತ್ತು. ಮನೆಯವರು ಅದನ್ನೂ ಹಠದ ಲೆಕ್ಕಕ್ಕೆ ಸೇರಿಸಿದ್ದರು.

ಆ ಅರ್ಧ ಗಂಟೆಯಲ್ಲಿ ಪ್ರಕರಣದ ದಿಕ್ಕೇ ಬದಲಾಯಿತು. ಮಕ್ಕಳಲ್ಲಿ ಗಂಟಲ ಹಿಂದಿನ ಟಾನ್ಸಿಲ್, ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿಗಳು ಊದಿದ್ದರೆ ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಮಿದುಳು ಅರೆ ಎಚ್ಚರವಾಗಿ ಮತ್ತೆ ಉಸಿರೆಳೆಸುತ್ತದೆ. ರಾತ್ರಿಯಿಡೀ ಹೀಗಾದರೆ ಹಾಸಿಗೆಯಲ್ಲಿ ಹತ್ತು ಗಂಟೆ ಇದ್ದರೂ ನಿದ್ದೆ ಆಗಿರುವುದಿಲ್ಲ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಹೆಚ್ಚಾಗಿ ತೂಕಡಿಸುವುದಿಲ್ಲ. ಕುಣಿಯುತ್ತಾರೆ, ಕಿರುಚುತ್ತಾರೆ, ಅಳುತ್ತಾರೆ. ನೋಡಿದವರಿಗೆ ಅದು ಶಕ್ತಿ ಜಾಸ್ತಿ ಆದಂತೆ ಕಾಣುತ್ತದೆ.

ಇದು ಹೊಸ ವಿಷಯವೂ ಅಲ್ಲ. 1889ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿಲಿಯಂ ಹಿಲ್ ಎಂಬ ವೈದ್ಯರು ಓದಿನಲ್ಲಿ ಹಿಂದುಳಿದ, ‘ದಡ್ಡ’ರೆನ್ನಿಸಿಕೊಂಡ ಮಕ್ಕಳ ಮೂಗಿನ ಹಿಂಭಾಗದ ತಡೆಯ ಬಗ್ಗೆ ಬರೆದಿದ್ದರು. ಅಮೆರಿಕದ ಮಕ್ಕಳ ತಜ್ಞರ ಸಂಘ 2012ರ ಮಾರ್ಗಸೂಚಿಯಲ್ಲಿ ಎಲ್ಲ ಮಕ್ಕಳನ್ನೂ ಗೊರಕೆಯ ಬಗ್ಗೆ ವಿಚಾರಿಸಬೇಕು ಎಂದು ಹೇಳಿದೆ. ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಇಷ್ಟಿದ್ದೂ ಪುಟ್ಟನ ವಿಷಯದಲ್ಲಿ ಆ ಪ್ರಶ್ನೆ ಬರಲಿಲ್ಲ ಅನ್ನುವುದು ನನಗೆ ಈಗಲೂ ಬೇಸರ.

ನೋಟ್‌ಬುಕ್

ಆದರೂ ಗೊರಕೆಯೊಂದನ್ನೇ ಹಿಡಿದು ಮುಂದೆ ಹೋಗುವಂತಿರಲಿಲ್ಲ. ಒಂದು ಹೆಸರಿನಿಂದ ಇನ್ನೊಂದಕ್ಕೆ ಹಾರಿದರೆ ಮತ್ತೆ ಅದೇ ಕಥೆ. ಎರಡು ವಾರ ಒಂದು ನೋಟ್‌ಬುಕ್ ಇಡಿ ಎಂದು ತಾಯಿಗೆ ಹೇಳಿದೆ. ‘ಹಠ ಮಾಡಿದ’ ಎಂದು ಬರೆಯುವ ಹಾಗಿಲ್ಲ. ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು, ಅವನು ಮಾಡಿದ್ದೇನು, ಆಮೇಲೆ ನೀವು ಮಾಡಿದ್ದೇನು, ಹಿಂದಿನ ರಾತ್ರಿ ಹೇಗಿತ್ತು, ಇಷ್ಟನ್ನು ಬರೆಯಬೇಕು. ರಾತ್ರಿ ಮಲಗಿದ್ದಾಗಿನ ಮುಖ ಮತ್ತು ಎದೆ ಕಾಣುವಂತೆ ಫೋನಿನಲ್ಲಿ ಒಂದೆರಡು ವಿಡಿಯೊ ಮಾಡಲೂ ಹೇಳಿದೆ.

ಅವರು ಬರೆದದ್ದರಲ್ಲಿ ಎರಡು ಸಾಲುಗಳನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

‘ಮಂಗಳವಾರ ಬೆಳಿಗ್ಗೆ 7:10. ಅಡುಗೆಮನೆಯಿಂದ ಶೂ ಹಾಕ್ಕೋ ಅಂತ ಮೂರು ಸಲ ಕೂಗಿದೆ. ಉತ್ತರ ಇಲ್ಲ. ಹೋಗಿ ಭುಜ ಹಿಡಿದು ಎಳೆದೆ. ಬೆಚ್ಚಿಬಿದ್ದು ಶೂ ಎಸೆದ. ರಾತ್ರಿ ಶೀತ ಇತ್ತು, ಗೊರಕೆ ಜಾಸ್ತಿ.’

‘ಭಾನುವಾರ ಸಂಜೆ 5:30. ಎದುರು ಕೂತು ಚಿತ್ರ ಬಿಡಿಸೋಣ ಅಂದೆ. 40 ನಿಮಿಷ ಕೂತ. ಒಂದೂ ಗಲಾಟೆ ಇಲ್ಲ.’

ಎರಡನೆಯದನ್ನು ಬರೆಯಲು ಅವರು ಹಿಂದೆಮುಂದೆ ನೋಡಿದ್ದರು. ಗಲಾಟೆ ಆಗದ್ದನ್ನು ಯಾಕೆ ಬರೆಯಬೇಕು ಅಂತ. ನನಗೆ ಬೇಕಾಗಿದ್ದು ಅದೇ. ತೊಂದರೆ ಇಲ್ಲದ ಹೊತ್ತು ಯಾವುದು ಎಂದು ಗೊತ್ತಾದರೆ ತೊಂದರೆ ಎಲ್ಲಿಂದ ಬರುತ್ತದೆ ಎಂದು ಅರ್ಧ ಗೊತ್ತಾದ ಹಾಗೆ. ನಲವತ್ತು ನಿಮಿಷ ಕೂತ ಮಾತ್ರಕ್ಕೆ ಎಡಿಎಚ್‌ಡಿ ಇಲ್ಲ ಎನ್ನಲಾಗದು. ಇಷ್ಟವಾದ ಕೆಲಸದಲ್ಲಿ ಆ ಮಕ್ಕಳೂ ಮೈಮರೆಯುತ್ತಾರೆ. ಆದರೆ ನೋಟ್‌ಬುಕ್ಕಿನಲ್ಲಿ ಎರಡು ಎಳೆ ಎದ್ದು ಕಾಣುತ್ತಿದ್ದವು. ರಾತ್ರಿ ಕೆಟ್ಟರೆ ಬೆಳಿಗ್ಗೆ ಕೆಡುತ್ತಿತ್ತು. ದೂರದಿಂದ ಅಥವಾ ಬೆನ್ನ ಹಿಂದಿನಿಂದ ಹೇಳಿದ ಮಾತಿನಿಂದಲೇ ಬಹುಪಾಲು ಜಗಳ ಶುರುವಾಗುತ್ತಿತ್ತು. ಎದುರು ಕೂತು ಆಡಿದ ಮಾತಿಗೆ ಅಷ್ಟಾಗಿ ಆಗುತ್ತಿರಲಿಲ್ಲ.

ತರಗತಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪುಟ್ಟ ಕೊನೆಯಿಂದ ಎರಡನೇ ಸಾಲು, ಕಾರಿಡಾರ್ ಪಕ್ಕದ ಕಿಟಕಿಯ ಹತ್ತಿರ. ಟೀಚರ್ ಬೋರ್ಡಿನ ಕಡೆ ತಿರುಗಿಕೊಂಡು ‘ಪುಟ 34, ಮೂರನೇ ಲೆಕ್ಕ’ ಅಂದರು. ಎಲ್ಲರೂ ಪುಟ ತಿರುಗಿಸಿದರು. ಪುಟ್ಟ ಸುತ್ತ ನೋಡಿದ. ಪಕ್ಕದವನ ಪುಸ್ತಕಕ್ಕೆ ಬಗ್ಗಿದ. ಅವನು ಕೈ ಅಡ್ಡ ಇಟ್ಟ. ಪುಟ್ಟ ಕೈ ಸರಿಸಿದ, ಅವನು ತಳ್ಳಿದ, ಇವನು ಹೊಡೆದ. ಟೀಚರ್ ತಿರುಗಿದಾಗ ಕಂಡದ್ದು ಕೊನೆಯದೊಂದೇ. ಸ್ವಲ್ಪ ಹೊತ್ತಿಗೆ ಅವರು ಅವನ ಡೆಸ್ಕಿನ ಹತ್ತಿರ ಬಂದು ಅದೇ ಲೆಕ್ಕ ಹೇಳಿದರು. ಸರಿಯಾಗಿ ಮಾಡಿದ.

ಪರೀಕ್ಷೆಗಳು, ಯಾವುದರ ನಂತರ ಯಾವುದು

ಮಕ್ಕಳ ವೈದ್ಯರು, ಕಿವಿ-ಮೂಗು-ಗಂಟಲು (ಇಎನ್‌ಟಿ) ವೈದ್ಯರು, ಕೇಳಿಸುವಿಕೆ ಪರೀಕ್ಷಿಸುವ ಆಡಿಯಾಲಜಿಸ್ಟ್ ಮೂವರಿಗೂ ನೋಟ್‌ಬುಕ್ಕಿನ ಸಾರಾಂಶ ಮತ್ತು ಶಾಲೆಯ ಪತ್ರ ಕಳಿಸಿದೆ. ಕಣ್ಣಿನ ಪರೀಕ್ಷೆಯೂ ಆಯಿತು, ತೊಂದರೆ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ನೋಡಿದರು, ಯಾಕೆಂದರೆ ಅದು ಕಡಿಮೆಯಾದರೆ ಮಕ್ಕಳಿಗೆ ಕಾಲು ತಡೆಯದೆ ನಿದ್ದೆ ಕೆಡಬಹುದು. ಅದೂ ಸರಿಯಿತ್ತು.

ಎಲ್ಲೋ ನೋಡುತ್ತಾ ಕೂರುತ್ತಾನೆ ಎಂದು ಟೀಚರ್ ಬರೆದದ್ದನ್ನು ಮಕ್ಕಳ ವೈದ್ಯರು ಬಿಡಲಿಲ್ಲ. ಅಬ್ಸೆನ್ಸ್ ಸೀಜರ್ ಎಂಬ ಒಂದು ಬಗೆಯ ಅಪಸ್ಮಾರ ಈ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಬೀಳುವುದಿಲ್ಲ, ನಡುಗುವುದಿಲ್ಲ. ಕೆಲವು ಸೆಕೆಂಡು ಕಣ್ಣು ಶೂನ್ಯವಾಗುತ್ತದೆ ಅಷ್ಟೇ. ಗಮನವಿಲ್ಲ ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಇಂಥವರೂ ಇರುತ್ತಾರೆ. ವೈದ್ಯರು ಒಂದು ಕಾಗದದ ಪಟ್ಟಿ ಹಿಡಿದು, ಅದು ಹಾರುತ್ತಲೇ ಇರುವಂತೆ 3 ನಿಮಿಷ ಊದು ಎಂದರು. ಹೀಗೆ ಜೋರಾಗಿ ಉಸಿರಾಡಿಸಿದರೆ ಈ ಕಾಯಿಲೆ ಇರುವ ಮಕ್ಕಳಲ್ಲಿ ಸಾಮಾನ್ಯವಾಗಿ ಅಲ್ಲೇ ಒಂದು ಅಬ್ಸೆನ್ಸ್ ಬರುತ್ತದೆ. ಪುಟ್ಟ ಊದಿದ, ಸುಸ್ತಾದ, ನಕ್ಕ, ಮತ್ತೆ ಊದಿದ. ಏನೂ ಆಗಲಿಲ್ಲ. ತರಗತಿಯಲ್ಲಿ ಹಾಗೆ ಕೂತಾಗ ಭುಜ ಮುಟ್ಟಿದರೆ ತಕ್ಷಣ ತಿರುಗುತ್ತಾನೆ ಎಂದು ಟೀಚರ್ ಹೇಳಿದ್ದೂ ಅದಕ್ಕೆ ಹೊಂದಿತು. ಆ ಅನುಮಾನವನ್ನು ಅಲ್ಲಿಗೆ ಬಿಟ್ಟರು.

ಆಡಿಯಾಲಜಿಸ್ಟ್ ವರದಿ ಬಂತು. ಕಿವಿಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದು ಬಲಗಿವಿಯಲ್ಲಿ 35 ಡೆಸಿಬೆಲ್, ಎಡಗಿವಿಯಲ್ಲಿ 30. ಈ ವಯಸ್ಸಿನಲ್ಲಿ 20ರ ಒಳಗೆ ಇರಬೇಕು. ಕಿವಿಯ ಪರದೆ ಅಲುಗಾಡುತ್ತದೆಯೇ ಎಂದು ನೋಡುವ ಟಿಂಪನೋಗ್ರಾಂನಲ್ಲಿ ಎರಡೂ ಕಡೆ ಚಪ್ಪಟೆ ಗೆರೆ. ಪರದೆಯ ಹಿಂದೆ ಅಂಟಾದ ದ್ರವ ತುಂಬಿಕೊಂಡಿತ್ತು. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ನೀರಿನಲ್ಲಿ ಮುಳುಗಿಕೊಂಡು ದಡದವರ ಮಾತು ಕೇಳಿದ ಹಾಗೆ ಕೇಳಿಸುತ್ತದೆ. ಅದೂ ದಿನಕ್ಕೊಂದು ಥರ. ಶೀತವಾದರೆ ಜಾಸ್ತಿ, ಇಲ್ಲದಿದ್ದರೆ ಕಡಿಮೆ. ‘ಅವನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತೆ’ ಎಂದು ಮನೆಯವರು ಹೇಳುತ್ತಿದ್ದದ್ದು ಇದಕ್ಕೇ. ನಿನ್ನೆ ಕೇಳಿಸಿದ್ದು ಇವತ್ತು ಕೇಳಿಸದಿದ್ದರೆ ಮಗು ನಾಟಕ ಮಾಡುತ್ತಿದೆ ಎಂದೇ ಅನ್ನಿಸುತ್ತದೆ.

ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡಿದಾಗ ಅಡೆನಾಯ್ಡ್ ಹಿಂಭಾಗದ ದಾರಿಯನ್ನು ಬಹುಪಾಲು ಮುಚ್ಚಿತ್ತು. ಮಧ್ಯಕಿವಿಗೆ ಗಾಳಿ ಹೋಗುವ ನಾಳ ತೆರೆದುಕೊಳ್ಳುವುದು ಅಲ್ಲೇ. ನಿದ್ದೆಯ ಉಸಿರು, ಕಿವಿಯ ದ್ರವ ಎರಡೂ ಒಂದೇ ಜಾಗಕ್ಕೆ ಬಂದು ನಿಂತವು. ಒಂದು ರಾತ್ರಿ ನಿದ್ದೆಯ ಪರೀಕ್ಷೆ ಮಾಡಿದರು. ಗಂಟೆಗೆ ಸರಾಸರಿ 9 ಸಲ ಉಸಿರು ನಿಲ್ಲುತ್ತಿತ್ತು ಅಥವಾ ತೀರಾ ಕ್ಷೀಣಿಸುತ್ತಿತ್ತು. ದೊಡ್ಡವರಲ್ಲಿ ಗಂಟೆಗೆ 5ರ ಒಳಗಿದ್ದರೆ ಸರಿ ಎನ್ನುತ್ತಾರೆ. ಮಕ್ಕಳಲ್ಲಿ 1 ದಾಟಿದರೇ ಅಸಹಜ.

ಆಟಿಸಂ ಅನುಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಿಕ್ಕವನಿದ್ದಾಗಿನ ಬೆಳವಣಿಗೆ, ಆಟ, ಕಂಡದ್ದನ್ನು ಬೆರಳು ಮಾಡಿ ತೋರಿಸಿ ನಮ್ಮ ಮುಖ ನೋಡುವ ರೀತಿ, ಗೆಳೆಯನ ಜೊತೆಗಿನ ಕೀಟಲೆ ಎಲ್ಲವನ್ನೂ ನೋಡಿದೆ. ಯಾವುದೂ ಆ ಕಡೆ ಹೋಗಲಿಲ್ಲ. ಕರೆದರೆ ತಿರುಗುವುದಿಲ್ಲ ಎನ್ನುವುದೊಂದೇ ಅಲ್ಲಿಗೆ ದಾರಿ ತೋರಿಸಿತ್ತು, ಅದಕ್ಕೆ ಕಾರಣ ಕಿವಿಯಲ್ಲಿತ್ತು.

ಆಪರೇಷನ್ ಬೇಕೇ?

ಇಲ್ಲಿ ಅವಸರ ಪಡಬಾರದು ಎಂದು ಇಎನ್‌ಟಿ ವೈದ್ಯರೇ ಹೇಳಿದರು. ಅವರ ಬಗ್ಗೆ ನನಗೆ ಅಲ್ಲೇ ನಂಬಿಕೆ ಬಂತು. 2013ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 5ರಿಂದ 9 ವರ್ಷದ 464 ಮಕ್ಕಳು. ಎಲ್ಲರಿಗೂ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಒಂದು ಗುಂಪಿಗೆ ಬೇಗ ಟಾನ್ಸಿಲ್, ಅಡೆನಾಯ್ಡ್ ತೆಗೆದರು, ಇನ್ನೊಂದು ಗುಂಪನ್ನು ಕಾದು ನೋಡಿದರು. ಏಳು ತಿಂಗಳ ನಂತರ ಆಪರೇಷನ್ ಆದವರಲ್ಲಿ 79 ಶೇಕಡಾ ಮಕ್ಕಳ ನಿದ್ದೆಯ ಪರೀಕ್ಷೆ ಸರಿಯಾಗಿತ್ತು. ಕಾದವರಲ್ಲೂ 46 ಶೇಕಡಾ ಮಕ್ಕಳದ್ದು ತಾನಾಗಿ ಸರಿಯಾಗಿತ್ತು. ಇನ್ನೊಂದು ವಿಷಯ ಪೋಷಕರಿಗೆ ಗೊತ್ತಿರಬೇಕು. ಕೂರಿಸಿ ಮಾಡಿದ ಗಮನದ ಪರೀಕ್ಷೆಯ ಅಂಕಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮನೆಯವರು ಕಂಡ ವರ್ತನೆ, ಸಿಡಿಮಿಡಿ, ದಿನದ ನೆಮ್ಮದಿ ಮಾತ್ರ ಆಪರೇಷನ್ ಆದವರಲ್ಲಿ ಚೆನ್ನಾಗಿ ಸುಧಾರಿಸಿತ್ತು. ಅಂದರೆ ಟಾನ್ಸಿಲ್ ತೆಗೆದರೆ ಎಡಿಎಚ್‌ಡಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೂರು ತಿಂಗಳು ಕಾದರು. ಮೂಗಿಗೆ ಸ್ಪ್ರೇ ಕೊಟ್ಟರು. ಕಿವಿಯ ದ್ರವಕ್ಕೂ ಮೂರು ತಿಂಗಳು ಕಾಯುವುದು ರೂಢಿ, ಬಹಳ ಮಕ್ಕಳಲ್ಲಿ ಅದು ತಾನಾಗಿ ಇಂಗುತ್ತದೆ.

ಆದರೆ ಶಾಲೆಯನ್ನು ಕಾಯಿಸಲಿಲ್ಲ. ಪುಟ್ಟನನ್ನು ಮುಂದಿನ ಸಾಲಿಗೆ ತಂದರು. ಟೀಚರ್ ಅವನ ಮುಖ ನೋಡಿ ಹೇಳುವುದು, ಪುಟದ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಯುವುದು, ಕರೆಯುವ ಮುಂಚೆ ಡೆಸ್ಕ್ ಮುಟ್ಟುವುದು ಶುರುಮಾಡಿದರು. ಮನೆಯಲ್ಲಿ ಇನ್ನೊಂದು ಕೋಣೆಯಿಂದ ಕೂಗುವುದನ್ನು ನಿಲ್ಲಿಸಿದರು. ಹೊಡೆತವನ್ನೂ ನಿಲ್ಲಿಸಬೇಕು ಎಂದು ಅಪ್ಪನಿಗೆ ನೇರವಾಗಿ ಹೇಳಿದೆ. ಅವರು ವರದಿಯನ್ನು ಎರಡು ಸಲ ಓದಿ, "ಕೇಳಿಸದೇ ಇರೋದಕ್ಕೆ ಹೊಡೆದಿದ್ದೀನಲ್ಲ" ಅಂದರು. ಆಮೇಲೆ ಪ್ರತಿ ಭೇಟಿಗೂ ಅವರೇ ಕರೆದುಕೊಂಡು ಬಂದರು. ಆಪರೇಷನ್‌ಗೆ ಮುಂಚೆಯೇ ತರಗತಿಯ ಹೊಡೆದಾಟ ಎದ್ದು ಕಾಣುವಷ್ಟು ಕಡಿಮೆಯಾಯಿತು. ಯಾವ ರೋಗದ ಹೆಸರೂ ಖಚಿತವಾಗದೆ ಮಾಡಬಹುದಾದ ಕೆಲಸಗಳು ಇವು. ವರ್ಷದ ಮೊದಲೇ ಆಗಬಹುದಿತ್ತು.

ಮೂರು ತಿಂಗಳ ನಂತರವೂ ಕಿವಿ ಹಾಗೇ ಇತ್ತು, ಗೊರಕೆಯೂ ಇತ್ತು. ಅರಿವಳಿಕೆ ಬಗ್ಗೆ ತಾಯಿಗೆ ಭಯ. ಅರಿವಳಿಕೆ ತಜ್ಞರ ಜೊತೆ ಮೊದಲೇ ಕೂತು ಮಾತಾಡಿಸಿದೆವು. ಟಾನ್ಸಿಲ್, ಅಡೆನಾಯ್ಡ್ ಎರಡನ್ನೂ ತೆಗೆದು, ಎರಡೂ ಕಿವಿಯ ಪರದೆಯಲ್ಲಿ ಗ್ರೊಮೆಟ್ ಎಂಬ ಚಿಕ್ಕ ಕೊಳವೆ ಕೂರಿಸಿದರು.

ಉಳಿದುಕೊಂಡದ್ದು

ಗಂಟಲು ನೋವಿನ ಮೊದಲ ಎರಡು ವಾರ ಕಷ್ಟವೇ ಆಯಿತು. ಆಮೇಲೆ ಗೊರಕೆ ನಿಂತಿತು. ಹಾಸಿಗೆ ಒದ್ದೆಯಾಗುವುದು ನಿಧಾನವಾಗಿ ನಿಂತಿತು. ಕಿವಿ ಎರಡೂ ಕಡೆ 15 ಡೆಸಿಬೆಲ್‌ಗೆ ಬಂತು. ಟಿವಿ ಸದ್ದು ಜಾಸ್ತಿ ಆಯ್ತು ಅಂತ ಅವನೇ ಹೇಳತೊಡಗಿದ. ಬೆಳಿಗ್ಗೆ ಎದ್ದೇಳುವುದು ಈಗಲೂ ಇಷ್ಟವಿಲ್ಲ, ಆದರೆ ಶೂ ಹಾರುವುದಿಲ್ಲ.

ಮೂರು ತಿಂಗಳ ನಂತರ ಟೀಚರ್ ಮತ್ತು ತಾಯಿ ಇಬ್ಬರೂ ಬೇರೆ ಬೇರೆಯಾಗಿ ಅದೇ ಫಾರ್ಮ್ ತುಂಬಿದರು. ಅತಿ ಚಟುವಟಿಕೆಯ ಲಕ್ಷಣಗಳು ಇಬ್ಬರ ಫಾರ್ಮಿನಲ್ಲೂ ಮಿತಿಗಿಂತ ಕೆಳಗೆ ಬಂದಿದ್ದವು. ಸಿಟ್ಟಿನ ಲಕ್ಷಣಗಳೂ ಹಾಗೇ. ಗಮನದ ಲಕ್ಷಣಗಳು ಟೀಚರ್ ಫಾರ್ಮಿನಲ್ಲಿ ಮಾತ್ರ ಇನ್ನೂ ಜಾಸ್ತಿ ಇದ್ದವು. ಯಾವಾಗ ಎಂದು ಕೇಳಿದೆ. ಓದಿನ ಪೀರಿಯಡ್‌ನಲ್ಲಿ, ಅವರು ಯೋಚಿಸಿ ಹೇಳಿದರು. ಲೆಕ್ಕದಲ್ಲಿ ಇಲ್ಲ, ಚಿತ್ರದಲ್ಲಿ ಇಲ್ಲ. ಓದು ಅಂದ ಕೂಡಲೇ ಪೆನ್ಸಿಲ್ ಬೀಳುತ್ತದೆ, ಬಾತ್‌ರೂಮಿಗೆ ಹೋಗಬೇಕು ಅನ್ನುತ್ತಾನೆ.

ಓದಿನ ಪರೀಕ್ಷೆಯನ್ನು ನಾನು ಬೇಕೆಂದೇ ಮುಂದೂಡಿದ್ದೆ. ಸರಿಯಾಗಿ ಕೇಳಿಸದ, ನಿದ್ದೆಯಾಗದ ಮಗುವಿಗೆ ಓದಿನ ಪರೀಕ್ಷೆ ಮಾಡಿದರೆ ಬರುವ ಅಂಕಕ್ಕೆ ಅರ್ಥವಿರುವುದಿಲ್ಲ. ಈಗ ಮಾಡಿದೆ. ಪಾಠದ ಪುಸ್ತಕ ಕೊಟ್ಟರೆ ಪುಟ್ಟ ಸಲೀಸಾಗಿ ಓದಿದ, ಕಣ್ಣು ಮಾತ್ರ ಸಾಲಿನ ಮೇಲೆ ಇರಲಿಲ್ಲ. ಪಾಠವೆಲ್ಲ ಬಾಯಿಪಾಠ. ‘ಗಪಟು’, ‘ಮಿಸಲೊ’ ಎಂದು ಅರ್ಥವೇ ಇಲ್ಲದ ಪದಗಳನ್ನು ಬರೆದು ಕೊಟ್ಟೆ. ನಿಂತುಬಿಟ್ಟ. ಮೊದಲ ಅಕ್ಷರ ಹೇಳಿ, ನನ್ನ ಮುಖ ನೋಡಿ, ಗೊತ್ತಿರುವ ಪದವೊಂದನ್ನು ಊಹಿಸಿದ. ಮತ್ತೊಂದು ಊಹಿಸಿದ. ಆಮೇಲೆ ಹಾಳೆಯನ್ನು ಮಡಚಿ ಕುರ್ಚಿಯ ಕೆಳಗೆ ಹಾಕಿದ. ಸಿಟ್ಟು ಹುಟ್ಟುವ ಜಾಗವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗ.

ಇದನ್ನು ಕೇಳಿದ ಅಪ್ಪ, "ನಾನೂ ಹೀಗೇ ಓದ್ತಿದ್ದೆ. ಇವತ್ತಿಗೂ ಜೋರಾಗಿ ಓದು ಅಂದ್ರೆ ಆಗಲ್ಲ" ಅಂದರು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಮತ್ತು ಸದ್ದು ಜೋಡಿಸಿ ಓದುವುದೇ ಕಷ್ಟವಾಗುವ ಕಲಿಕೆಯ ತೊಂದರೆ, ಕುಟುಂಬಗಳಲ್ಲಿ ಹರಿದು ಬರುತ್ತದೆ. ಆದರೂ ಅಂದೇ ಆ ಹೆಸರು ಬರೆಯಲಿಲ್ಲ. ಕಲಿಕೆಯ ತೊಂದರೆ ಎಂದು ಹೇಳಲು, ಸರಿಯಾದ ಸಹಾಯ ಕೊಟ್ಟ ಮೇಲೂ ಕನಿಷ್ಠ 6 ತಿಂಗಳು ಅದು ಉಳಿದಿರಬೇಕು. ಒಂದು ವರ್ಷ ಕಿವಿ ಮಂದವಾಗಿದ್ದ ಮಗು ಅಕ್ಷರದ ಸದ್ದುಗಳನ್ನೇ ಕಳೆದುಕೊಂಡಿರಬಹುದು, ಕೇಳಿಸತೊಡಗಿದ ಮೇಲೆ ತಾನಾಗಿ ಹಿಡಿಯಬಹುದು. ಹಾಗಾಗಿ ವಾರಕ್ಕೆ ನಾಲ್ಕು ದಿನ, ಅಕ್ಷರ ಮತ್ತು ಸದ್ದನ್ನು ಜೋಡಿಸಿ ಕ್ರಮವಾಗಿ ಕಲಿಸುವ ಸಹಾಯ ಶುರುವಾಯಿತು. ಪುಟ್ಟ ಮುಂದೆ ಬಂದ, ಆದರೆ ಓರಗೆಯವರ ಹತ್ತಿರಕ್ಕೆ ಬರಲಿಲ್ಲ. 6 ತಿಂಗಳ ನಂತರದ ಪೂರ್ತಿ ಮೌಲ್ಯಮಾಪನದಲ್ಲಿ ಡಿಸ್ಲೆಕ್ಸಿಯಾ ಖಚಿತವಾಯಿತು. ಎಡಿಎಚ್‌ಡಿಯ ಷರತ್ತುಗಳು ಪೂರ್ತಿಯಾಗಲಿಲ್ಲ. ಒಡಿಡಿ ಅಂತ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಇದೇ ಥರ ಗೊರಕೆ ಹೊಡೆಯುವ ಇನ್ನೊಂದು ಮಗುವಿಗೆ ಆಪರೇಷನ್ ಆದ ಮೇಲೂ ಎಡಿಎಚ್‌ಡಿ ಹಾಗೇ ಉಳಿಯಬಹುದು. ಎರಡೂ ಒಟ್ಟಿಗೆ ಇರುವ ಮಕ್ಕಳಿದ್ದಾರೆ. ಅವರಿಗೆ ಔಷಧಿ ತಡಮಾಡುವುದು ಅನ್ಯಾಯ. ಆದ್ದರಿಂದ ಇದನ್ನು ಓದುವ ಪೋಷಕರು ತಮ್ಮ ಮಗುವಿನ ಮಾತ್ರೆಯನ್ನು ಸ್ವಂತವಾಗಿ ನಿಲ್ಲಿಸಬಾರದು. ವೈದ್ಯರನ್ನು ಕೇಳಿ. ಯಾವ ಯಾವ ಬೇರೆ ಕಾರಣಗಳನ್ನು ನೋಡಿದ್ದೀರಿ, ಶಾಲೆಯವರು ಏನಂದರು, ಈಚೆಗೆ ಕಿವಿ ಪರೀಕ್ಷೆ ಆಗಿದೆಯಾ, ನಿದ್ದೆಯ ಬಗ್ಗೆ ಕೇಳಿದ್ದೀರಾ ಎಂದು ಕೇಳುವುದು ಅಗೌರವವೇನೂ ಅಲ್ಲ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕೈಯಲ್ಲಿ ಎರಡು ವಾರದ ನೋಟ್‌ಬುಕ್, ಒಂದು ನಿಮಿಷದ ವಿಡಿಯೊ ಇದ್ದರೆ ಅವರ ಕೆಲಸವೂ ಹಗುರವಾಗುತ್ತದೆ.

ಪುಟ್ಟ ಈಗ ಮೂರನೇ ತರಗತಿ. ಓದಿನ ಸಹಾಯ ಮುಂದುವರಿದಿದೆ. ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಓದಿ ಹೇಳಲು, ಹೆಚ್ಚು ಸಮಯ ಕೊಡಲು ಶಾಲೆ ಒಪ್ಪಿದೆ. ಗ್ರೊಮೆಟ್ ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ತಾನಾಗಿ ಬಿದ್ದುಹೋಗುತ್ತದೆ, ಅವನ ಎಡಗಿವಿಯದು ಈಗಾಗಲೇ ಬಿದ್ದಿದೆ. ಬಲಗಿವಿಯದು ಬಿದ್ದ ಮೇಲೆ ಮತ್ತೆ ಕಿವಿ ಪರೀಕ್ಷೆ ಮಾಡಿಸಬೇಕು. ದ್ರವ ಮತ್ತೆ ತುಂಬಿಕೊಂಡರೆ ಮೊದಲು ಗೊತ್ತಾಗುವುದು ತರಗತಿಯಲ್ಲಿ, ಅದಕ್ಕೇ ಏನನ್ನು ಗಮನಿಸಬೇಕು ಎಂದು ಹೊಸ ಟೀಚರಿಗೆ ಒಂದು ಪುಟ ಬರೆದು ಕೊಟ್ಟಿದ್ದೇನೆ.